ನೆರಳಿನೊಡನೆ ಮುಷ್ಟಿಯುದ್ಧ: ಭುಜ-ತೋಳುಗಳ ಬಲವರ್ಧನೆಗೆ ಶ್ಯಾಡೋ ಬಾಕ್ಸಿಂಗ್

'ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ' ಎಂಬ ಗಾದೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವ್ಯರ್ಥ ಪ್ರಯತ್ನವನ್ನು ಕುರಿತು ಹಿರಿಯರು ಆಡುತ್ತಿದ್ದ ಮಾತು ಅದು. ಆದರೆ ಗಾಳಿಗೆ ಗುದ್ದುವುದನ್ನೇ ಒಂದು ಕ್ರಮಬದ್ಧ ವ್ಯಾಯಾಮವಾಗಿ ರೂಪಿಸಿಕೊಂಡ ಕ್ರೀಡೆಯೊಂದಿದೆ. ಅದು ಮುಷ್ಟಿಯುದ್ಧ. ಎದುರಾಳಿಯಿಲ್ಲದೆ, ಚೀಲವಿಲ್ಲದೆ, ಕೈಗವಸೂ ಇಲ್ಲದೆ, ಕಲ್ಪಿತ ಪ್ರತಿಸ್ಪರ್ಧಿಯೊಬ್ಬ ಮುಂದೆ ನಿಂತಿರುವನೆಂದು ಭಾವಿಸಿ ಹೊಡೆತಗಳನ್ನೂ ತಪ್ಪಿಸಿಕೊಳ್ಳುವ ಚಲನೆಗಳನ್ನೂ ಅಭ್ಯಾಸ ಮಾಡುವುದಕ್ಕೆ ಶ್ಯಾಡೋ ಬಾಕ್ಸಿಂಗ್ ಎಂದು ಹೆಸರು. ಗೋಡೆಯ ಮೇಲೆ ಬಿದ್ದ ತನ್ನ ನೆರಳಿನೊಡನೆಯೇ ಹೋರಾಡುವಂತೆ ಕಾಣುವುದರಿಂದ ಈ ಹೆಸರು ಅನ್ವರ್ಥವಾಗಿದೆ.

ಮಹಾನಗರಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಈ ವ್ಯಾಯಾಮ ಆಕರ್ಷಕವಾಗಿ ತೋರುವುದು ಸಹಜವೇ ಆಗಿದೆ. ಒಂದು ಚಾಪೆ ಹಾಸುವಷ್ಟು ಸ್ಥಳ ಸಾಕು, ಖರ್ಚಿಲ್ಲ, ಮಳೆಗಾಲದಲ್ಲಿಯೂ ನಿಲ್ಲಿಸಬೇಕಾಗಿಲ್ಲ. ಆದುದರಿಂದಲೇ ಇದರ ಬಗ್ಗೆ ಅತಿಶಯೋಕ್ತಿಗಳೂ ಹುಟ್ಟಿಕೊಂಡಿವೆ. ದಿನವೂ ಹತ್ತು ನಿಮಿಷ ಗಾಳಿಗೆ ಗುದ್ದಿದರೆ ಭುಜಗಳು ಉಕ್ಕಾಗುತ್ತವೆ ಎಂಬ ಮಾತನ್ನು ಅಲ್ಲಲ್ಲಿ ಕೇಳುತ್ತೇವೆ. ಇದು ಎಷ್ಟರಮಟ್ಟಿಗೆ ನಿಜ, ಇದರಿಂದ ದೊರೆಯುವುದೇನು, ದೊರೆಯದಿರುವುದೇನು, ಕೊರತೆಯನ್ನು ತುಂಬಿಕೊಳ್ಳುವ ಬಗೆ ಹೇಗೆ ಎಂಬುದನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಗ್ರೀಸಿನಲ್ಲಿ

ಈ ಅಭ್ಯಾಸ ಆಧುನಿಕ ಕಾಲದ ಸೃಷ್ಟಿಯಲ್ಲ. ಗ್ರೀಕರು ಇದನ್ನು 'ಸ್ಕಿಯಾಮಾಖಿಯಾ' ಎಂದು ಕರೆಯುತ್ತಿದ್ದರು. 'ಸ್ಕಿಯಾ' ಎಂದರೆ ನೆರಳು, 'ಮಾಖೆ' ಎಂದರೆ ಕಾಳಗ. ತತ್ತ್ವಜ್ಞಾನಿ ಪ್ಲೇಟೋ ತನ್ನ 'ಲಾಸ್' ಗ್ರಂಥದ 8ನೆಯ ಭಾಗದಲ್ಲಿ ಮುಷ್ಟಿಮಲ್ಲರ ಸಿದ್ಧತೆಯ ಪ್ರಸ್ತಾಪವನ್ನು ತರುತ್ತಾನೆ. ಜೊತೆಗಾರ ಸಿಗದಿದ್ದಾಗ ನಿರ್ಜೀವ ಬೊಂಬೆಯನ್ನು ತೂಗುಹಾಕಿ ಅಭ್ಯಾಸ ಮಾಡಬೇಕು, ಅದೂ ಇಲ್ಲದಿದ್ದರೆ ಒಬ್ಬನೇ ನೆರಳಿನೊಡನೆಯಾದರೂ ಹೋರಾಡಬೇಕು ಎಂಬುದು ಅಲ್ಲಿಯ ವಾದ.

ಕ್ರಿಸ್ತಶಕ 2ನೆಯ ಶತಮಾನದ ಪ್ರವಾಸಿ ಲೇಖಕ ಪೌಸೇನಿಯಸ್, ಒಲಿಂಪಿಯಾದಲ್ಲಿ ತಾನು ಕಂಡ ಪ್ರತಿಮೆಯೊಂದನ್ನು ವರ್ಣಿಸಿದ್ದಾನೆ. ಕ್ಯಾರಿಸ್ಟಸ್ ಊರಿನ ಗ್ಲಾಕಸ್ ಎಂಬ ಮುಷ್ಟಿಮಲ್ಲನ ಪ್ರತಿಮೆ ಅದು. ತನ್ನ ಕಾಲದವರಲ್ಲೆಲ್ಲ ಕೈಚಳಕದಲ್ಲಿ ಮಿಗಿಲೆನಿಸಿದ್ದ ಕಾರಣ ಅವನನ್ನು ನೆರಳಿನೊಡನೆ ಹೋರಾಡುವ ಭಂಗಿಯಲ್ಲಿಯೇ ಶಿಲ್ಪಿ ಕಡೆದಿದ್ದನಂತೆ. ಅದೇ ಗ್ಲಾಕಸನ ಕುರಿತು ಇನ್ನೊಂದು ಕಥೆಯೂ ಅಲ್ಲಿದೆ. ಅವನು ಹೊಲ ಉಳುವ ರೈತನ ಮಗ. ಒಂದು ದಿನ ನೇಗಿಲಿನಿಂದ ಕಳಚಿಬಿದ್ದ ಗುಳವನ್ನು ಸುತ್ತಿಗೆಯಿಲ್ಲದೆ ಬರಿಗೈಯಿಂದಲೇ ಬಡಿದು ಕೂರಿಸಿದನು. ಇದನ್ನು ಕಂಡ ತಂದೆ ಅವನನ್ನು ಒಲಿಂಪಿಯಾಕ್ಕೆ ಕರೆದೊಯ್ದನು. ಅನುಭವವಿಲ್ಲದ ಹುಡುಗ ಏಟು ತಿಂದು ಸೋಲುವ ಹಂತದಲ್ಲಿದ್ದಾಗ, ನೇಗಿಲಿಗೆ ಹೊಡೆದ ಆ ಏಟನ್ನು ಹೊಡೆ ಎಂದು ತಂದೆ ಕೂಗಿದನೆಂದೂ, ಅದರಿಂದ ಅವನು ಗೆದ್ದನೆಂದೂ ಕಥೆ ಮುಂದುವರಿಯುತ್ತದೆ.

ಈ ಕಥೆಯಲ್ಲಿ ನಮ್ಮ ವಿಷಯದ ತಿರುಳೇ ಅಡಗಿದೆ. ಗ್ಲಾಕಸನ ಚಳಕ ನೆರಳಿನ ಅಭ್ಯಾಸದಲ್ಲಿ ಕಾಣುತ್ತಿತ್ತು. ಬಲವಾದರೋ ನೇಗಿಲಿನ ದುಡಿಮೆಯಿಂದ ಬಂದಿತ್ತು.

ನಮ್ಮ ಗರಡಿಯ ಪರಂಪರೆ

ಕನ್ನಡನಾಡಿನ ಗರಡಿಮನೆಗಳೂ ಇದೇ ವಿವೇಕವನ್ನು ಅನುಸರಿಸಿದವು. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಪ್ರಸಿದ್ಧವಾದುದು. ಬೆರಳುಗಳಿಗೆ ಮೊನೆಗಳುಳ್ಳ ಆಯುಧವನ್ನು ತೊಟ್ಟು ಸೆಣಸುವ ಈ ಕಾಳಗ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಮುಗಿಯುತ್ತದೆ. ಕ್ಷಣಮಾತ್ರದಲ್ಲಿ ತೀರ್ಮಾನವಾಗುವ ಇಂಥ ಸೆಣಸಿನಲ್ಲಿ ಕೈಯ ವೇಗವೇ ಮುಖ್ಯವೆಂದು ತೋರಿದರೂ, ಗರಡಿಯಲ್ಲಿ ಸಾಮು ತೆಗೆಯುವವರು ದಂಡ, ಬಸ್ಕಿ, ಗದೆ ತಿರುಗಿಸುವುದು ಮುಂತಾದ ಬಲಸಾಧನೆಯನ್ನು ಎಂದೂ ಬಿಟ್ಟವರಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲುಗಳನ್ನು ಎತ್ತುವ ಸ್ಪರ್ಧೆಗಳು ಈಗಲೂ ಜಾತ್ರೆಯ ಆಕರ್ಷಣೆಗಳಾಗಿವೆ.

ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರ ವ್ಯಾಯಾಮಗಳನ್ನು ಅಲ್ಲಿ ಬಗೆಬಗೆಯಾಗಿ ವಿಂಗಡಿಸಲಾಗಿದೆ. ಭಾರವನ್ನೆತ್ತುವ ಭಾರಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಆಸರೆಯ ಸ್ತಂಭಶ್ರಮ ಮೊದಲಾದವು ಅದರಲ್ಲಿ ಸೇರಿವೆ. ಒಂದೇ ಬಗೆಯ ಶ್ರಮದಿಂದ ದೇಹ ಪೂರ್ಣವಾಗಿ ಸಿದ್ಧವಾಗದು ಎಂಬ ತಿಳಿವಳಿಕೆ ಆ ವಿಂಗಡಣೆಯ ಹಿಂದಿದೆ ಎಂದು ನಾವು ಭಾವಿಸುತ್ತೇವೆ.

ಕೆಲಸ ಮಾಡುವ ಸ್ನಾಯುಗಳು

ಒಂದು ಗುದ್ದು ತೋಳಿನಲ್ಲಿ ಹುಟ್ಟುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಪಾದದಲ್ಲಿ ಹುಟ್ಟುತ್ತದೆ. ಹಿಂದಿನ ಪಾದ ನೆಲವನ್ನು ಒತ್ತಿದಾಗ ಹುಟ್ಟುವ ಪ್ರತಿಬಲವು ತೊಡೆಯ ಮೂಲಕ ಸೊಂಟಕ್ಕೆ ಏರುತ್ತದೆ. ಸೊಂಟ ಮತ್ತು ಮುಂಡ ತಿರುಗಿದಾಗ ಅದು ಭುಜವನ್ನು ತಲುಪುತ್ತದೆ. ತೋಳು ಅದನ್ನು ಗುರಿಗೆ ಒಯ್ಯುವ ಕೊನೆಯ ಕೊಂಡಿ ಮಾತ್ರ.

ಆದರೂ ದೇಹದ ಮೇಲ್ಭಾಗಕ್ಕೆ ಇದರಲ್ಲಿ ಸಾಕಷ್ಟು ಕೆಲಸವಿದೆ. ಕೈಗಳನ್ನು ಕೆನ್ನೆಯ ಮಟ್ಟದಲ್ಲಿ ಎತ್ತಿಹಿಡಿಯುವುದು ಭುಜವನ್ನು ಆವರಿಸಿರುವ ಡೆಲ್ಟಾಯ್ಡ್ ಸ್ನಾಯುವಿನ ಹೊಣೆ. ಮೊಣಕೈಯನ್ನು ನೀಳವಾಗಿ ಚಾಚುವುದು ತೋಳಿನ ಹಿಂಭಾಗದ ಟ್ರೈಸೆಪ್ಸ್. ಪಕ್ಕೆಲುಬುಗಳ ಮೇಲಿರುವ ಸೆರೇಟಸ್ ಆಂಟೀರಿಯರ್ ಎಂಬ ಸ್ನಾಯು ಹೆಗಲಮೂಳೆಯನ್ನು ಮುಂದಕ್ಕೆ ಸೆಳೆಯುತ್ತದೆ. ಮುಷ್ಟಿಮಲ್ಲರಲ್ಲಿ ಎದ್ದುಕಾಣುವುದರಿಂದ ಇದಕ್ಕೆ ಬಾಕ್ಸರನ ಸ್ನಾಯು ಎಂಬ ಅಡ್ಡಹೆಸರೇ ಇದೆ. ಚಾಚಿದ ಕೈಯನ್ನು ತಡೆದು ಹಿಂದಕ್ಕೆ ತರುವ ಕೆಲಸದಲ್ಲಿ ಬೆನ್ನಿನ ಸ್ನಾಯುಗಳೂ, ಭುಜದ ಕೀಲನ್ನು ಸುತ್ತುವರಿದಿರುವ ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳ ಸಮೂಹವೂ ಪಾಲುಗೊಳ್ಳುತ್ತವೆ.

ಚೀಲಕ್ಕೆ ಹೊಡೆಯುವಾಗ ಚೀಲವೇ ಕೈಯನ್ನು ನಿಲ್ಲಿಸುತ್ತದೆ. ಗಾಳಿಗೆ ಹೊಡೆಯುವಾಗ ನಿಲ್ಲಿಸುವವರು ಯಾರೂ ಇಲ್ಲ, ನಮ್ಮ ಸ್ನಾಯುಗಳೇ ಆ ಕೆಲಸವನ್ನು ಮಾಡಬೇಕು. ಹಿಡಿತವನ್ನು ಕಲಿಸುವ ಗುಣವೂ, ಅಜಾಗರೂಕತೆಯಿಂದ ಮೊಣಕೈಗೆ ಪೆಟ್ಟಾಗುವ ಅಪಾಯವೂ ಇದರಲ್ಲಿಯೇ ಇವೆ.

ತ್ರಾಣ ಬೇರೆ, ಬಲ ಬೇರೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಲೆಕ್ಕ ಬರೆಯುವುದೇ ವೃತ್ತಿಯಾಗಿರುವ ನಾವು ಇದನ್ನೂ ಲೆಕ್ಕದ ರೂಪದಲ್ಲಿಯೇ ಮುಂದಿಡುತ್ತೇವೆ. ಮನುಷ್ಯನ ಒಂದು ಕೈಯ ತೂಕ, ಭುಜದಿಂದ ಬೆರಳ ತುದಿಯವರೆಗೆ, ದೇಹತೂಕದ ಸುಮಾರು ಶೇ. 5 ಇರುತ್ತದೆ. 70 ಕಿಲೋ ತೂಕದ ವ್ಯಕ್ತಿಯ ಒಂದು ಕೈ ಸುಮಾರು 3.5 ಕಿಲೋ ಆಯಿತು. ಶ್ಯಾಡೋ ಬಾಕ್ಸಿಂಗಿನಲ್ಲಿ ಭುಜ ಹೊರುವ ಭಾರ ಇಷ್ಟೇ. ಅದೇ ವ್ಯಕ್ತಿ ನೆಲದ ಮೇಲೆ ಪುಷ್-ಅಪ್ ಮಾಡಿದಾಗ ಅವನ ಎರಡು ಕೈಗಳ ಮೇಲೆ ದೇಹತೂಕದ ಮೂರನೇ ಎರಡು ಭಾಗದಷ್ಟು, ಅಂದರೆ 45 ಕಿಲೋಗಿಂತ ತುಸು ಹೆಚ್ಚು ಭಾರ ಬೀಳುತ್ತದೆ.

ಕಡಿಮೆ ಭಾರದ ಚಲನೆಯನ್ನು ಬಹಳ ಸಲ ಮಾಡಿದರೆ ಸ್ನಾಯುವಿಗೆ ತ್ರಾಣ ಬರುತ್ತದೆ, ಬೇಗ ದಣಿಯದ ಗುಣ ಬರುತ್ತದೆ. ಎರಡು ಸೆಕೆಂಡಿಗೊಂದರಂತೆ ಗುದ್ದಿದರೂ 3 ನಿಮಿಷದ 4 ಸುತ್ತುಗಳಲ್ಲಿ 360 ಗುದ್ದುಗಳಾಗುತ್ತವೆ. ತ್ರಾಣಕ್ಕೆ ಇದು ಒಳ್ಳೆಯ ಸಾಧನೆ. ಆದರೆ ಬಲ ಬೆಳೆಯಬೇಕಾದರೆ ಸ್ನಾಯು ತನಗೆ ಕಷ್ಟವೆನಿಸುವ ಭಾರವನ್ನು ಎದುರಿಸಬೇಕು, ಆ ಭಾರ ಕಾಲಕ್ರಮದಲ್ಲಿ ಏರುತ್ತಲೂ ಹೋಗಬೇಕು. ಗಾಳಿಗೆ ಭಾರವಿಲ್ಲ. ವ್ಯಾಯಾಮವನ್ನೇ ಬಿಟ್ಟು ಬಹುಕಾಲವಾದವರಲ್ಲಿ ಮೊದಲ ಕೆಲವು ವಾರ ಭುಜಗಳು ಗಟ್ಟಿಯಾದಂತೆ ಕಾಣುವುದುಂಟು, ಅನಂತರ ಆ ಬೆಳವಣಿಗೆ ನಿಂತುಬಿಡುತ್ತದೆ. ಆದ್ದರಿಂದ ಶ್ಯಾಡೋ ಬಾಕ್ಸಿಂಗ್ ಒಂದರಿಂದಲೇ ಭುಜ-ತೋಳುಗಳ ಬಲ ಹೆಚ್ಚುತ್ತದೆಂಬುದು ಸರಿಯಲ್ಲ. ಭಾರಶ್ರಮದ ಜೊತೆಗೂಡಿದಾಗ ಮಾತ್ರ ಅದು ಪೂರ್ಣಫಲ ನೀಡುತ್ತದೆ.

ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಡುವಯಸ್ಸು ದಾಟಿದಂತೆ, ಬಳಸದ ಸ್ನಾಯು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನ ಗುಮಾಸ್ತನೂ ದಿನಕ್ಕೆ ಹತ್ತಾರು ಸಲ ದಪ್ಪನೆಯ ಲೆಡ್ಜರುಗಳನ್ನು ಎತ್ತಿ ಇಳಿಸುತ್ತಿದ್ದನು. ಇಂದು ನಮ್ಮ ಕೈಗಳು ಎತ್ತುವ ಭಾರವೆಂದರೆ ಊಟದ ಡಬ್ಬಿ ಮತ್ತು ಮೊಬೈಲು. ರೈಲಿನ ಬರ್ತಿನ ಮೇಲೆ ಸೂಟ್‌ಕೇಸ್ ಇಡುವುದು, ಅಡುಗೆಮನೆಯ ಅಟ್ಟದಿಂದ ಪಾತ್ರೆ ಇಳಿಸುವುದು, ತುಂಬಿದ ಲೋಕಲ್ ಗಾಡಿಯಲ್ಲಿ ಹಿಡಿಕೆ ಹಿಡಿದು ಗಂಟೆಗಟ್ಟಲೆ ನಿಲ್ಲುವುದು, ಇವೆಲ್ಲ ಅರವತ್ತರ ನಂತರವೂ ಪರರ ಸಹಾಯವಿಲ್ಲದೆ ಸಾಧ್ಯವಾಗಬೇಕಾದರೆ ಬರಿಯ ತ್ರಾಣ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ಹೇಳಿರುವುದಲ್ಲದೆ, ವಾರದಲ್ಲಿ ಕನಿಷ್ಠ 2 ದಿನ ಪ್ರಮುಖ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದು ಪ್ರತ್ಯೇಕವಾಗಿ ಸೂಚಿಸಿದೆ.

ನಿಲುವು ಮತ್ತು ನಾಲ್ಕು ಹೊಡೆತಗಳು

ಬಲಗೈ ರೂಢಿಯವರು ಎಡಗಾಲನ್ನು ಮುಂದಿಟ್ಟು, ಪಾದಗಳ ನಡುವೆ ಭುಜಗಳಷ್ಟು ಅಂತರವಿರುವಂತೆ ನಿಲ್ಲಬೇಕು. ಎಡಗೈ ರೂಢಿಯವರು ಇದನ್ನು ಅದಲುಬದಲು ಮಾಡಿಕೊಳ್ಳಬೇಕು. ಮಂಡಿಗಳು ತುಸು ಬಾಗಿರಲಿ. ಹಿಂದಿನ ಹಿಮ್ಮಡಿ ನೆಲದಿಂದ ಸ್ವಲ್ಪ ಎದ್ದಿರಲಿ. ಗದ್ದ ಕೆಳಗೆ, ಮೊಣಕೈಗಳು ಪಕ್ಕೆಯ ಬಳಿ, ಮುಷ್ಟಿಗಳು ಕೆನ್ನೆಯ ಮಟ್ಟದಲ್ಲಿ ಇರಬೇಕು. ಹೆಬ್ಬೆರಳು ಮುಷ್ಟಿಯ ಹೊರಗಿರಬೇಕು, ಒಳಗೆ ಮಡಚಬಾರದು. ಮಣಿಕಟ್ಟು ಮುಂಗೈಯೊಡನೆ ನೇರವಾಗಿರಬೇಕು.

1. ಜ್ಯಾಬ್: ಮುಂದಿನ ಕೈಯನ್ನು ನೇರವಾಗಿ ಚಾಚಿ, ಹೋದ ದಾರಿಯಲ್ಲಿಯೇ ಹಿಂದಕ್ಕೆ ತರುವುದು.

2. ಕ್ರಾಸ್: ಹಿಂದಿನ ಪಾದವನ್ನು ತಿರುಗಿಸಿ, ಸೊಂಟವನ್ನು ಹೊರಳಿಸಿ, ಹಿಂದಿನ ಕೈಯಿಂದ ನೇರವಾಗಿ ಹೊಡೆಯುವುದು.

3. ಹುಕ್: ಮೊಣಕೈಯನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಬಾಗಿಸಿ, ಮುಂಡದ ತಿರುವಿನಿಂದ ಪಕ್ಕದಿಂದ ಬೀಸುವುದು.

4. ಅಪ್ಪರ್‌ಕಟ್: ಮಂಡಿಯನ್ನು ತುಸು ತಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಎದುರಾಳಿಯ ಗದ್ದದ ಗುರಿಗೆ ಹೊಡೆಯುವುದು.

ಪ್ರತಿ ಹೊಡೆತಕ್ಕೂ ಬಾಯಿಂದ ಚುಟುಕಾಗಿ ಉಸಿರು ಬಿಡಬೇಕು. ಉಸಿರು ಬಿಗಿಹಿಡಿದು ಹೊಡೆಯುವುದು ರಕ್ತದೊತ್ತಡವನ್ನು ಏರಿಸುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗಿ ಬೀಗ ಬಿದ್ದಂತೆ ನಿಲ್ಲುವುದಕ್ಕೆ ಮೊದಲೇ ಕೈಯನ್ನು ಹಿಂತೆಗೆಯಬೇಕು. ಮುಷ್ಟಿಯನ್ನು ಸದಾ ಬಿಗಿಯಬಾರದು, ಹೊಡೆತದ ಕೊನೆಯಲ್ಲಿ ಮಾತ್ರ ಬಿಗಿದರೆ ಸಾಕು. ಒಂದು ಕೈ ಹೊಡೆಯುತ್ತಿರುವಾಗ ಇನ್ನೊಂದು ಕೈ ಕೆನ್ನೆಯನ್ನು ಬಿಟ್ಟು ಇಳಿಯಬಾರದು. ಭುಜದ ತ್ರಾಣ ಬೆಳೆಯುವುದು ಬಹುಮಟ್ಟಿಗೆ ಈ ಶಿಸ್ತಿನಿಂದಲೇ.

ಡಂಬೆಲ್ ಹಿಡಿದು ಗುದ್ದಬಹುದೇ?

ಗಾಳಿಗೆ ಭಾರವಿಲ್ಲವೆಂದಾದರೆ ಕೈಯಲ್ಲಿ ಡಂಬೆಲ್ ಹಿಡಿದು ಗುದ್ದಿದರಾಯಿತು ಎಂದು ಅನೇಕರು ಯೋಚಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಡಂಬೆಲ್ಲಿನ ಭಾರ ಎಳೆಯುವುದು ಕೆಳಕ್ಕೆ, ಗುದ್ದು ಹೋಗುವುದು ಮುಂದಕ್ಕೆ. ಆದುದರಿಂದ ಅದು ಗುದ್ದನ್ನು ತಡೆಯುವುದಿಲ್ಲ, ಭುಜದ ಮುಂಭಾಗವನ್ನು ದಣಿಸುತ್ತದೆ ಅಷ್ಟೆ. ಜೊತೆಗೆ ವೇಗವಾಗಿ ಚಲಿಸುವ ಭಾರವನ್ನು ನಿಲ್ಲಿಸುವಾಗ ಮೊಣಕೈ ಮತ್ತು ಭುಜದ ಕೀಲುಗಳಿಗೆ ಜಗ್ಗುವಿಕೆ ಹೆಚ್ಚುತ್ತದೆ. ಹಿಡಿಯಲೇಬೇಕೆನ್ನುವವರು ಅರ್ಧ ಕಿಲೋದಿಂದ ಒಂದು ಕಿಲೋ ಮೀರದಂತೆ, ನಿಧಾನಗತಿಯಲ್ಲಿ ಮಾತ್ರ ಬಳಸುವುದು ಲೇಸು. ಬೆನ್ನಿನ ಸುತ್ತ ಹಾಯಿಸಿ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿಯುವ ರಬ್ಬರ್ ಪಟ್ಟಿ ಇದಕ್ಕಿಂತ ಉತ್ತಮ. ಅದರ ಎಳೆತ ಗುದ್ದಿನ ದಿಕ್ಕಿಗೆ ನೇರ ವಿರುದ್ಧವಾಗಿರುತ್ತದೆ. ಹೆಚ್ಚಿನ ಭಾರವನ್ನು ಬೇರೆ ದಿನ, ಬೇರೆ ವ್ಯಾಯಾಮಕ್ಕೆ ಮೀಸಲಿಡಬೇಕು.

ಹನ್ನೆರಡು ವಾರಗಳ ಕ್ರಮ

ಲಂಡನ್ನಿನಲ್ಲಿ 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಾವಳಿಯು ಮುಷ್ಟಿಯುದ್ಧದ ಸುತ್ತಿಗೆ 3 ನಿಮಿಷ, ನಡುವಿನ ವಿಶ್ರಾಂತಿಗೆ 1 ನಿಮಿಷ ಎಂದು ಗೊತ್ತುಪಡಿಸಿತು. ಈ ಅಳತೆಯನ್ನು ಹಂತಹಂತವಾಗಿ ತಲುಪುವುದು ಕ್ಷೇಮ. ಪ್ರತಿ ಸಲವೂ 5 ನಿಮಿಷ ಭುಜ, ಕುತ್ತಿಗೆ, ಸೊಂಟಗಳನ್ನು ನಿಧಾನವಾಗಿ ತಿರುಗಿಸಿ ಮೈ ಬೆಚ್ಚಗಾದ ಮೇಲೆಯೇ ಪ್ರಾರಂಭಿಸಬೇಕು.

ವಾರದಲ್ಲಿ 3 ದಿನ ಶ್ಯಾಡೋ ಬಾಕ್ಸಿಂಗ್: ಮೊದಲ 4 ವಾರ 1 ನಿಮಿಷದ 4 ಸುತ್ತು, ಜ್ಯಾಬ್ ಮತ್ತು ಕ್ರಾಸ್ ಮಾತ್ರ. ಮುಂದಿನ 4 ವಾರ 2 ನಿಮಿಷದ 4 ಸುತ್ತು, ಹುಕ್ ಸೇರಿಸಿ. ಕೊನೆಯ 4 ವಾರ 3 ನಿಮಿಷದ 4 ಸುತ್ತು, ಅಪ್ಪರ್‌ಕಟ್ ಸಹಿತ. ಸುತ್ತುಗಳ ನಡುವೆ 1 ನಿಮಿಷ ವಿಶ್ರಾಂತಿ. ಆರಂಭದಲ್ಲಿ ಮುಕ್ಕಾಲು ವೇಗ ಮೀರಬಾರದು.

ವಾರದಲ್ಲಿ 2 ದಿನ ಭಾರಶ್ರಮ: ಮೊದಲನೆಯದು ಪುಷ್-ಅಪ್. ಗೋಡೆಗೆ ಕೈಕೊಟ್ಟು ಆರಂಭಿಸಿ, ಅನಂತರ ಗಟ್ಟಿಯಾದ ಮೇಜಿಗೆ, ಆಮೇಲೆ ನೆಲದ ಮೇಲೆ ಮಂಡಿಯೂರಿ, ಕಡೆಗೆ ಪೂರ್ಣವಾಗಿ. ಎರಡನೆಯದು ಹಿಂದಕ್ಕೆ ಸೆಳೆಯುವ ವ್ಯಾಯಾಮ. ಒಂದು ಕೈಯನ್ನು ಕುರ್ಚಿಯ ಮೇಲೂರಿ, ಬೆನ್ನನ್ನು ನೇರವಾಗಿಟ್ಟು ಮುಂದೆ ಬಾಗಿ, ಇನ್ನೊಂದು ಕೈಯಿಂದ ತುಂಬಿದ ಬಟ್ಟೆಯ ಚೀಲವನ್ನು ಪಕ್ಕೆಯವರೆಗೆ ಎಳೆಯುವುದು. ಲೀಟರಿನ ನೀರಿನ ಬಾಟಲಿಯೊಂದು ಹೆಚ್ಚುಕಡಿಮೆ 1 ಕಿಲೋ ತೂಗುವುದರಿಂದ 3 ಬಾಟಲಿಗಳಿಂದ ಆರಂಭಿಸಿ ಒಂದೊಂದಾಗಿ ಏರಿಸಬಹುದು. ಮೂರನೆಯದು ಭುಜದಿಂದ ತಲೆಯ ಮೇಲಕ್ಕೆ ಭಾರವೆತ್ತುವುದು, ಭುಜದಲ್ಲಿ ನೋವಿರುವವರು ಇದನ್ನು ಬಿಡಬೇಕು. ನಾಲ್ಕನೆಯದು ಬಸ್ಕಿ, ಗುದ್ದಿನ ಮೂಲ ಕಾಲಿನಲ್ಲಿರುವುದರಿಂದ. ಪ್ರತಿಯೊಂದನ್ನೂ 8ರಿಂದ 12 ಸಲ, ಎರಡು ಅಥವಾ ಮೂರು ಆವೃತ್ತಿ ಮಾಡಬೇಕು. 12 ಸಲ ಸುಲಭವೆನಿಸಿದಾಗ ಭಾರವನ್ನು ಹೆಚ್ಚಿಸಬೇಕು.

ಗುದ್ದುವುದು ದೇಹದ ಮುಂಭಾಗವನ್ನು ಹೆಚ್ಚು ದುಡಿಸುತ್ತದೆ. ಮೇಜಿನ ಮುಂದೆ ಬಾಗಿ ಕುಳಿತೇ ವರ್ಷಗಳನ್ನು ಕಳೆದವರಿಗೆ ಹೆಗಲು ಈಗಾಗಲೇ ಮುಂದಕ್ಕೆ ಬಾಗಿರುತ್ತದೆ. ಆದುದರಿಂದ ಹಿಂದಕ್ಕೆ ಸೆಳೆಯುವ ವ್ಯಾಯಾಮವನ್ನು ಯಾರೂ ಕಡೆಗಣಿಸಬಾರದು.

4 ವಾರಗಳಿಗೊಮ್ಮೆ ಎಷ್ಟು ಪುಷ್-ಅಪ್ ಸಾಧ್ಯವಾಯಿತು, ಎಷ್ಟು ಬಾಟಲಿಗಳ ಚೀಲ ಎಳೆದೆವು, ಕೈಗಳನ್ನು ಇಳಿಸದೆ ಎಷ್ಟು ಹೊತ್ತು ನಿಂತೆವು ಎಂಬುದನ್ನು ಪಾಸ್‌ಬುಕ್ಕಿನಂತೆ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಕೊನೆಯ ಅಂಕಿ ಮಾತ್ರ ಏರಿ ಮೊದಲ ಎರಡು ನಿಂತಲ್ಲೇ ನಿಂತಿದ್ದರೆ, ತ್ರಾಣ ಬೆಳೆಯುತ್ತಿದೆ, ಬಲ ಬೆಳೆಯುತ್ತಿಲ್ಲ ಎಂದು ತಿಳಿಯಬೇಕು.

ಮಹಿಳೆಯರಿಗೂ ಉಪಯುಕ್ತ

ಮುಷ್ಟಿಯುದ್ಧ ಗಂಡಸರ ಸೊತ್ತೆಂಬ ಭಾವನೆ ಈಗ ಉಳಿದಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮಣಿಪುರದ ಮೇರಿ ಕೋಮ್, 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ ಕಂಚಿನ ಪದಕ ಗೆದ್ದರು. ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಸ್ಪರ್ಧೆಯ ಮಾತಂತಿರಲಿ, ಋತುಬಂಧದ ನಂತರ ಮೂಳೆಗಳ ಸಾಂದ್ರತೆ ಕುಗ್ಗುವ ಕಾರಣ ಭಾರಶ್ರಮವು ನಮ್ಮ ಗೃಹಿಣಿಯರಿಗೂ ಉದ್ಯೋಗಸ್ಥ ಮಹಿಳೆಯರಿಗೂ ಅತ್ಯಗತ್ಯ. ಭಾರ ಎತ್ತಲು ಹಿಂಜರಿಯುವವರಿಗೆ ಶ್ಯಾಡೋ ಬಾಕ್ಸಿಂಗ್ ಸುಲಭವಾದ ಪ್ರವೇಶದ್ವಾರವಾಗಬಲ್ಲದು. ಎದುರಾಳಿಯೇ ಇಲ್ಲದಿರುವುದರಿಂದ ಪೆಟ್ಟು ತಿನ್ನುವ ಭಯವೂ ಇಲ್ಲ.

ಎಚ್ಚರಿಕೆಗಳು

ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಉಳ್ಳವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಅನುಮತಿಯಿಲ್ಲದೆ ಇದನ್ನು ಆರಂಭಿಸಬಾರದು. ಕೈ ಎತ್ತಲಾಗದಂತೆ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಎಂಬ ತೊಂದರೆ 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಅದನ್ನು ಗುದ್ದಿ ಬಿಡಿಸಿಕೊಳ್ಳುತ್ತೇವೆಂದು ಹೊರಡುವುದು ಸರ್ವಥಾ ಸಲ್ಲದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಎದೆನೋವು, ತಲೆಸುತ್ತು, ಅಸಹಜ ಏದುಸಿರು ಕಂಡಲ್ಲಿ ತಕ್ಷಣ ನಿಲ್ಲಿಸಬೇಕು. ಸ್ನಾಯುವಿನ ಮಂದವಾದ ನೋವು ಎರಡು ದಿನಗಳಲ್ಲಿ ಮಾಯವಾಗುತ್ತದೆ. ಕೀಲಿನಲ್ಲಿ ಚುಚ್ಚಿದಂತಾಗುವ ನೋವು ಅಪಾಯದ ಸೂಚನೆ.

ಚಿಕ್ಕ ಮನೆಗಳಲ್ಲಿ ಅಭ್ಯಾಸ ಮಾಡುವವರು ತಲೆಯ ಮೇಲಿನ ಫ್ಯಾನು, ಪಕ್ಕದ ಕಪಾಟಿನ ಗಾಜು, ಹತ್ತಿರ ಸುಳಿದಾಡುವ ಮಕ್ಕಳು, ಇವುಗಳ ಕಡೆಗೆ ಗಮನವಿಡಬೇಕು. ನುಣುಪಾದ ನೆಲದ ಮೇಲೆ ಸಾಕ್ಸ್ ಧರಿಸಿ ಅಭ್ಯಾಸ ಮಾಡಿದರೆ ಜಾರುವ ಸಂಭವವುಂಟು. ಕೆಳಗಿನ ಮಹಡಿಯವರ ನೆಮ್ಮದಿಗಾಗಿ ಕುಪ್ಪಳಿಸದೆ, ಪಾದಗಳನ್ನು ಜಾರಿಸುತ್ತ ಚಲಿಸುವುದು ಸೌಜನ್ಯ.

ಹನ್ನೆರಡು ವಾರಗಳು ಮುಗಿದ ಮೇಲೆ ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸುವ ಅಗತ್ಯವಿಲ್ಲ. ಗುದ್ದುಗಳ ಅಚ್ಚುಕಟ್ಟನ್ನು ತಿದ್ದಿಕೊಳ್ಳುತ್ತ, ಚೀಲದಲ್ಲಿ ಒಂದೊಂದೇ ಬಾಟಲಿಯನ್ನು ಸೇರಿಸುತ್ತ ಮುಂದುವರಿಯುವುದೇ ಸರಿಯಾದ ಮಾರ್ಗ.